ದಾದಾ ಕಲಾಪಂಥದಲ್ಲಿ ಸ್ತ್ರೀಯರ ಸ್ಥಾನ

ಚರಿತ್ರೆಯೆಂಬುದು ನಡೆದುದೆಲ್ಲದರ ಲೆಕ್ಕವಲ್ಲ, ಬರೆದಿಟ್ಟುದರ ಲೆಕ್ಕ. ಬರೆದವರ ಹೆಸರು ಉಳಿಯುವುದು ಸುಲಭ. ಹಾಡಿದವರ, ಕುಣಿದವರ ಹೆಸರು ಅಳಿಯುವುದೂ ಅಷ್ಟೇ ಸುಲಭ. ಯೂರೋಪು ಖಂಡದ ದಾದಾ ಎಂಬ ಕಲಾಪಂಥದ ಇತಿಹಾಸವು ಇದಕ್ಕೆ ನಿದರ್ಶನವಾಗಿರುವುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಕ್ರಿ. ಶ. 1914ರಲ್ಲಿ ಆರಂಭವಾದ ಮಹಾಯುದ್ಧವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳುತ್ತಿರಲು, ಯುದ್ಧಕ್ಕೆ ಸೇರದ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರವು ಅನೇಕ ಕವಿಗಳಿಗೂ ಚಿತ್ರಕಾರರಿಗೂ ಆಶ್ರಯವಾಯಿತು. 1916ನೆಯ ಇಸವಿ ಫೆಬ್ರವರಿ 5ರಂದು ಅಲ್ಲಿ 'ಕ್ಯಾಬರೇ ವೋಲ್ಟೇರ್' ಎಂಬ ಸಣ್ಣ ರಂಗವು ತೆರೆಯಿತು. ಇಂತಹ ಘೋರಕ್ಕೆ ಎಡೆಗೊಟ್ಟ ನಾಗರಿಕತೆಯ ಮಾತಿನಲ್ಲಿ ಇನ್ನು ಅರ್ಥವೇನುಳಿಯಿತು ಎಂಬುದೇ ಅವರ ಪ್ರಶ್ನೆ. ಆದಕಾರಣ ಅರ್ಥವಿಲ್ಲದ ಶಬ್ದಗಳಿಂದ ಪದ್ಯ ಹೇಳಿದರು, ಮುಖವಾಡ ಧರಿಸಿ ಕುಣಿದರು, ನಗಾರಿ ಬಾರಿಸಿದರು. ಹ್ಯೂಗೋ ಬಾಲ್, ಟ್ರಿಸ್ಟಾನ್ ಟ್ಸಾರಾ ಮೊದಲಾದ ಪುರುಷರ ಹೆಸರುಗಳು ಗ್ರಂಥಗಳಲ್ಲಿ ಪ್ರಸಿದ್ಧವಾಗಿವೆ.

ಇಲ್ಲಿ ಪೂರ್ವಪಕ್ಷವೊಂದುಂಟು: ಸ್ತ್ರೀಯರು ಆ ಪಂಥದಲ್ಲಿ ಸಹಾಯಕರು ಮಾತ್ರ, ಕರ್ತೃಗಳಲ್ಲ ಎಂದು. ಇದು ನಿಲ್ಲುವ ಮಾತಲ್ಲ. ಬಾಲನೊಡನೆ ಆ ರಂಗವನ್ನು ಸ್ಥಾಪಿಸಿದಾಕೆ ಎಮ್ಮಿ ಹೆನ್ನಿಂಗ್ಸ್ (1885–1948). ಆಕೆ ಅದಕ್ಕೆ ಮುಂಚೆಯೇ ಮ್ಯೂನಿಕ್ ಮೊದಲಾದ ಊರುಗಳ ರಂಗಗಳಲ್ಲಿ ಹಾಡಿ ಪಳಗಿದ್ದಳು; 1913ರಲ್ಲಿ ಸ್ವಂತ ಕವನಗಳನ್ನೂ ಪ್ರಕಟಿಸಿದ್ದಳು. ಜ್ಯೂರಿಕ್ಕಿನಲ್ಲಿ ಹಾಡಿದಳು, ತನ್ನ ಪದ್ಯಗಳನ್ನೋದಿದಳು, ಕುಣಿದಳು, ಗೊಂಬೆಯಾಡಿಸಿದಳು. ಆ ಕಾಲದ ಪತ್ರಿಕೆಯೊಂದು ರಂಗದ ತಾರೆಯೆಂದು ಕೊಂಡಾಡಿದುದು ಆಕೆಯನ್ನೇ.

ಎರಡನೆಯವಳು ಸೋಫೀ ಟಾಯ್ಬರ್ (1889–1943). ಜ್ಯೂರಿಕ್ಕಿನ ಕುಶಲಕಲಾಶಾಲೆಯಲ್ಲಿ 1916ರಿಂದ 1929ರ ವರೆಗೆ ವಸ್ತ್ರವಿನ್ಯಾಸವನ್ನು ಬೋಧಿಸುತ್ತಿದ್ದ ಈಕೆ 1917ರಲ್ಲಿ ದಾದಾ ಪಂಥದವರ ಚಿತ್ರಶಾಲೆಯಲ್ಲಿ ಮುಖವಾಡ ಧರಿಸಿ ನರ್ತಿಸಿದಳು. ಶಾಲೆಯವರ ಅಸಮಾಧಾನಕ್ಕಂಜಿ ತನ್ನ ಗುರುತನ್ನು ಮರೆಸಬೇಕಾಯಿತೆಂದೂ ಹೇಳುತ್ತಾರೆ. ಪುರುಷರು ಕೀರ್ತಿಯನ್ನರಸಿ ಏರಿದ ರಂಗವನ್ನು ಆಕೆ ಜೀವನೋಪಾಯವನ್ನೇ ಪಣವಾಗಿಟ್ಟು ಏರಿದಳು. 1918ರಲ್ಲಿ ಆಕೆ ರಚಿಸಿದ ಮರದ ಸೂತ್ರದ ಗೊಂಬೆಗಳು ಇಂದಿಗೂ ಉಳಿದಿವೆ. ನೃತ್ಯವು ಮಾತ್ರ ಅಂದಿನ ಸಂಜೆಯೊಡನೆ ಅಡಗಿತು.

ಬರ್ಲಿನ್ ನಗರದಲ್ಲಿಯೂ ಸಂಗತಿ ಇದೇ. 1920ರ ದಾದಾ ಮೇಳದಲ್ಲಿ ಹಾನ್ನಾ ಹೋಖಳ ಚಿತ್ರಗಳನ್ನಿಡಲು ಸಹಕಲಾವಿದರಿಬ್ಬರು ಒಪ್ಪಲಿಲ್ಲ. ಮತ್ತೊಬ್ಬನು ತಾನೂ ಹಿಂದೆ ಸರಿಯುವೆನೆಂದ ಮೇಲೆಯೇ ಸ್ಥಳ ದೊರೆಯಿತು. ಹಾನ್ಸ್ ರಿಕ್ಟರನು 1964ರ ತನ್ನ ಗ್ರಂಥದಲ್ಲಿ ಆಕೆ ಒದಗಿಸುತ್ತಿದ್ದ ತಿಂಡಿ, ಕಾಫಿಗಳನ್ನು ನೆನೆದನು.

ಈ ಮರವೆಗೆ ಕಾರಣಗಳು ಮೂರು. ಘೋಷಣಾಪತ್ರಗಳನ್ನೂ ಸ್ಮೃತಿಗ್ರಂಥಗಳನ್ನೂ ಹೆಚ್ಚಾಗಿ ಬರೆದವರು ಪುರುಷರು, ಗಾನನೃತ್ಯಗಳು ಕ್ಷಣಿಕವಾದುವು, ಸ್ತ್ರೀಯರನ್ನು ಪತಿಯ ಹೆಸರಿನಿಂದಲೇ ಗುರುತಿಸುವುದು ರೂಢಿ. ಬಾಲನು 1927ರಲ್ಲಿ ತೀರಿಕೊಂಡ ಮೇಲೆ ಅವನ ಕೀರ್ತಿಯನ್ನು ಗ್ರಂಥಮುಖದಿಂದ ಕಾಪಾಡಿದಾಕೆ ಹೆನ್ನಿಂಗ್ಸಳೇ. ಲೋಕವು ಕಾಪಾಡಲ್ಪಟ್ಟವನನ್ನು ನೆನೆಯಿತು, ಕಾಪಾಡಿದವಳನ್ನು ಮರೆಯಿತು.

1995ರಲ್ಲಿ ಸ್ವಿಟ್ಜರ್ಲೆಂಡ್ ತನ್ನ 50 ಫ್ರಾಂಕುಗಳ ನೋಟಿನ ಮೇಲೆ ಟಾಯ್ಬರಳ ಚಿತ್ರವನ್ನಚ್ಚಿಸಿ ಋಣವನ್ನು ಸ್ವಲ್ಪ ತೀರಿಸಿತು. ಸ್ಮರಣಗ್ರಂಥಗಳನ್ನು ಬರೆಯುವ ನಮ್ಮಂಥವರಿಗೂ ಇದರಲ್ಲಿ ಪಾಠವುಂಟು. ಲೇಖನಿ ಹಿಡಿದವನು ತನ್ನ ಮುಂದೆ ಕುಳಿತವರನ್ನು ಮಾತ್ರವೇ ಎಣಿಸಿದರೆ ಸಾಲದು. ಒಳಗೆ ದುಡಿದವರನ್ನೂ ಕೇಳಿ ಬರೆಯಬೇಕು.