'ಕನ್ನಡ ಚಾನೆಲ್ ಯಾರೂ ಕೇಳಲ್ಲ ಸಾರ್': ಮದ್ರಾಸಿನ ಟಿವಿಯಲ್ಲಿ ನಮ್ಮ ಭಾಷೆಯ ಕಥೆ

ಈ ವಾರದ ಮಾತಿನ ಬರಹ ರೂಪ ಇದು. ಓಎಂಆರ್ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗೆ ಕೂತು ಓದೋರು ಜಾಸ್ತಿ ಇದ್ದೀರಿ ಅಂತ ಗೊತ್ತು. ಮಾತಾಡಿದ ಹಾಗೇ ಇಟ್ಟಿದ್ದೀನಿ, ಅಲ್ಲಲ್ಲಿ ಮಾತ್ರ ತಿದ್ದಿದ್ದೀನಿ.

ಕಳೆದ ವರ್ಷ ಅಮ್ಮ ಅರಸೀಕೆರೆಯಿಂದ ನಮ್ಮ ಪೆರುಂಗುಡಿ ಮನೆಗೆ ಬಂದು ಮೂರು ತಿಂಗಳು ಇದ್ರು. ಮೊದಲನೇ ದಿನ ಸಂಜೆ ದೀಪ ಹಚ್ಚಿ, ರಿಮೋಟ್ ತಗೊಂಡು ಕೂತ್ರು. ಒಂದೊಂದೇ ಚಾನೆಲ್ ಒತ್ತುತ್ತಾ ಹೋದ್ರು. ತಮಿಳು ಬಂತು, ತೆಲುಗು ಬಂತು, ಹಿಂದಿ ಬಂತು. ಕನ್ನಡ ಬರಲೇ ಇಲ್ಲ. ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. ಅವನು ಅರ್ಧ ತಮಿಳು, ಅರ್ಧ ಇಂಗ್ಲಿಷ್‌ನಲ್ಲಿ ಹೇಳಿದ್ದು ಇಷ್ಟೇ: 'ಕನ್ನಡ ಚಾನೆಲ್ ಯಾರೂ ಕೇಳಲ್ಲ ಸಾರ್.'

ಅಮ್ಮ ಕೇಳಿಸಿಕೊಂಡು ಅಂದ್ರು: 'ಉದಯ ಟಿವಿಯೋರ ಆಫೀಸು ಇದೇ ಊರಲ್ಲಿದೆಯಂತಲ್ಲೋ. ಇಲ್ಲೇ ಸಿಗಲ್ವಾ?'

ಪ್ರಶ್ನೆ ಸರಿಯಾಗೇ ಇತ್ತು. ಸನ್ ನೆಟ್‌ವರ್ಕ್‌ನ ಕಟ್ಟಡ ಇರೋದು ಎಂಆರ್‌ಸಿ ನಗರದಲ್ಲಿ, ನಮ್ಮ ಮನೆಯಿಂದ ಸುಮಾರು ಹತ್ತು ಕಿಲೋಮೀಟರ್. ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್ಲನ್ನು ಹುಟ್ಟಿಸಿದ ಊರಲ್ಲಿ ಕನ್ನಡ ಚಾನೆಲ್ ಯಾರೂ ಕೇಳಲ್ಲ ಅಂದ್ರೆ ಏನರ್ಥ? ಒಂದು ಊರಿನ ಮನೆಯೊಳಗೆ ಯಾವ ಭಾಷೆಯ ಟಿವಿ ಬರಬೇಕು ಅಂತ ತೀರ್ಮಾನ ಮಾಡೋರು ಯಾರು? ಇವತ್ತಿನ ಮಾತು ಇದರ ಬಗ್ಗೆ.

ಆಗಸ್ಟ್ 1975

ಟಿವಿಯಲ್ಲಿ ಕನ್ನಡ ಮೊದಲು ಬಂದದ್ದು ಬೆಂಗಳೂರಿಗೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಅಲ್ಲ. 1975ರ ಆಗಸ್ಟ್ 1ರಂದು 'ಸೈಟ್' ಅನ್ನೋ ಪ್ರಯೋಗ ಶುರುವಾಯ್ತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮ ತೋರಿಸಿದರು. ಕರ್ನಾಟಕದ ಪಾಲಿಗೆ ಬಂದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳು. ಬೆಂಗಳೂರಿನ ದೊಡ್ಡ ದೊಡ್ಡ ಮನೆಗಳಲ್ಲೂ ಇಲ್ಲದ ಟಿವಿ, ಬಿಸಿಲುನಾಡಿನ ಹಳ್ಳಿ ಕಟ್ಟೆಯ ಮುಂದೆ ಕನ್ನಡ ಮಾತಾಡ್ತಿತ್ತು.

ಅದೇ ತಿಂಗಳು 15ರಂದು ಮದ್ರಾಸಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯ್ತು. ಬೆಂಗಳೂರಿಗೆ ಆ ಭಾಗ್ಯ ಬರೋದಕ್ಕೆ 1981ರ ನವೆಂಬರ್ 1ರ ತನಕ ಕಾಯಬೇಕಾಯ್ತು.

ಆ ಕಾಲದಲ್ಲಿ ತೀರ್ಮಾನ ಮಾಡ್ತಿದ್ದದ್ದು ಎರಡು: ನೆಲ ಮತ್ತು ದೆಹಲಿ. ಟವರ್ ಎಲ್ಲಿದೆಯೋ ಅದರ ಸುತ್ತ ಮಾತ್ರ ಚಿತ್ರ ಬರ್ತಿತ್ತು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂದ ಮೇಲೆ ರಾತ್ರಿಯ ಮುಖ್ಯ ಹೊತ್ತು ದೆಹಲಿಯ ಪಾಲಾಯ್ತು. ಮದ್ರಾಸಿನಲ್ಲಿದ್ದ ಕನ್ನಡದ ಮನೆಗೆ ಕನ್ನಡ ಸಿಗ್ತಿದ್ದದ್ದು ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದಲ್ಲಿ ನಮ್ಮ ಸರದಿ ಬಂದಾಗ, ಇಲ್ಲಾ 'ಚಿತ್ರಮಾಲಾ'ದ ಒಂದೇ ಒಂದು ಹಾಡಿನಲ್ಲಿ. ಬೇಕು ಅಂತ ಕೇಳೋದಕ್ಕೆ ಒಂದು ಕಿಟಕಿಯೂ ಇರಲಿಲ್ಲ.

ಮದ್ರಾಸಿನಿಂದ ಬಂದ ಉದಯ

ತಮಾಷೆ ಅಂದ್ರೆ, ಕನ್ನಡದ ಚಿತ್ರ ತಯಾರಾಗ್ತಿದ್ದದ್ದೇ ಈ ಊರಲ್ಲಿ. ಸ್ಟುಡಿಯೋ, ಲ್ಯಾಬು, ರೆಕಾರ್ಡಿಂಗ್ ಎಲ್ಲಾ ಕೋಡಂಬಾಕ್ಕಂ, ವಡಪಳನಿ ಸುತ್ತಮುತ್ತ. ರಾಜ್‌ಕುಮಾರ್ ನಾಯಕರಾಗಿ ಬಂದ 1954ರ 'ಬೇಡರ ಕಣ್ಣಪ್ಪ' ಮದ್ರಾಸಿನಲ್ಲಿ ತಯಾರಾದ ಸಿನಿಮಾ. ಅಣ್ಣಾವ್ರ ಸಂಸಾರ ವರ್ಷಗಟ್ಟಲೆ ಇಲ್ಲೇ ಇತ್ತು. ಶಿವಣ್ಣ, ಅಪ್ಪು ಹುಟ್ಟಿದ್ದು ಇಲ್ಲೇ. ಆಮೇಲೆ ಉದ್ಯಮ ಮೆಲ್ಲಗೆ ಬೆಂಗಳೂರಿಗೆ ಹೋಯ್ತು.

ಹೋದ ಮೇಲೂ ನಂಟು ಕಡಿಯಲಿಲ್ಲ. 1993ರ ಏಪ್ರಿಲ್ 14ರಂದು ತಮಿಳಿನಲ್ಲಿ ಸನ್ ಟಿವಿ ಬಂತು. ಮರುವರ್ಷ ಜೂನ್ 1ರಂದು ಅದೇ ಮನೆಯಿಂದ ಉದಯ ಟಿವಿ. ಆಗಿನ ನಿಯಮದ ಪ್ರಕಾರ ಖಾಸಗಿಯವರು ಭಾರತದ ನೆಲದಿಂದ ಉಪಗ್ರಹಕ್ಕೆ ಕಾರ್ಯಕ್ರಮ ಏರಿಸೋ ಹಾಗಿರಲಿಲ್ಲ. ನಮ್ಮ ಖಾಸಗಿ ಚಾನೆಲ್‌ಗಳು ಹೊರದೇಶದಿಂದ ಪ್ರಸಾರ ಮಾಡಬೇಕಿತ್ತು. ಅಂದ್ರೆ ನಮ್ಮ ಭಾಷೆ ಆಕಾಶ ಸುತ್ತಿ ಮನೆಗೆ ಬರ್ತಿತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು, ಸರ್ಕಾರದ ಏಕಸ್ವಾಮ್ಯ ಅಲ್ಲ ಅಂತ ತೀರ್ಪು ಕೊಡ್ತು. ಅಲ್ಲಿಂದ ದಾರಿ ಅಗಲ ಆಯ್ತು.

ಆಮೇಲಿನ ಪಟ್ಟಿ ನೋಡಿ. 2000ದಲ್ಲಿ ಈಟಿವಿ ಕನ್ನಡ ಬಂತು, ಹೈದರಾಬಾದಿನ ರಾಮೋಜಿ ಬಳಗದಿಂದ. 2006ರಲ್ಲಿ ಜೀ ಕನ್ನಡ, ಮುಂಬೈ ಮೂಲದ ಕಂಪನಿಯದು. 2007ರಲ್ಲಿ ಸುವರ್ಣ, ಕೇರಳದ ಏಷ್ಯಾನೆಟ್ ಬಳಗದಿಂದ. ಕನ್ನಡ ಮನರಂಜನೆಯ ದೊಡ್ಡ ಚಾನೆಲ್‌ಗಳ ತೊಟ್ಟಿಲು ತೂಗಿದ್ದು ಬಹುಪಾಲು ಹೊರಗಿನವರು. ಇದನ್ನ ದೂರು ಅಂತ ಹೇಳ್ತಿಲ್ಲ. ಕನ್ನಡ ನೋಡೋ ಜನ ಇದ್ದಾರೆ, ಅವರು ಕೇಳ್ತಾರೆ ಅನ್ನೋ ಲೆಕ್ಕ ನಮಗಿಂತ ಮುಂಚೆ ಅವರಿಗೆ ಗೊತ್ತಾಯ್ತು, ಅಷ್ಟೇ.

ಹತ್ತು ನಿಮಿಷದ ವಾರ್ತೆ

ಉದಯ ಶುರುವಾಗಿ ನಾಲ್ಕು ತಿಂಗಳಾಗಿತ್ತು. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಕನ್ನಡ ವಾರ್ತೆಯ ಬೆನ್ನಿಗೇ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತು. ಪ್ರತಿಭಟನೆ ಎದ್ದಿತು, ನೋಡ್ತಾ ನೋಡ್ತಾ ಕೋಮುಗಲಭೆ ಆಯ್ತು. ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವಾರ್ತೆ ನಿಂತಿತು.

ಇದನ್ನ ಹೇಳೋವಾಗ ನನಗೆ ಹಿಂಸೆ ಆಗುತ್ತೆ. ಬೆಂಗಳೂರಿನ ಉರ್ದು ಮನೆಗಳು ಹೊರಗಿನಿಂದ ಬಂದವರ ಮನೆಗಳಲ್ಲ, ತಲೆಮಾರುಗಳಿಂದ ಅಲ್ಲೇ ಇರೋರು. ಗಲಭೆಗೆ ರಾಜಕೀಯವೂ ಇತ್ತು, ಹಳೆಯ ದ್ವೇಷವೂ ಇತ್ತು. ಆದರೆ ಕಿಡಿ ಬಿದ್ದದ್ದು ಟಿವಿಯ ಹೊತ್ತಿನ ಮೇಲೆ. ಬೆಂಗಳೂರು ಕೇಂದ್ರದ ಪರದೆ ಒಂದೇ, ಒಳ್ಳೆ ಹೊತ್ತೂ ಒಂದೇ. ಹಾಗಾಗಿ ಒಬ್ಬರಿಗೆ ಕೊಟ್ಟ ಹತ್ತು ನಿಮಿಷ ಇನ್ನೊಬ್ಬರಿಗೆ ಕಿತ್ತುಕೊಂಡ ಹಾಗೆ ಕಾಣಿಸ್ತು.

ಇನ್ನೊಂದು ಊರು, ಇದೇ ಜಗಳ

ಇದೇ ಪ್ರಶ್ನೆ ಚೀನಾದ ಗ್ವಾಂಗ್‌ಝೌನಲ್ಲೂ ಬಂದಿತ್ತು. ಅಲ್ಲಿನ ಮೂಲ ಜನರ ಮಾತು ಕ್ಯಾಂಟನೀಸ್. ಹತ್ತಿರದ ಹಾಂಗ್‌ಕಾಂಗ್‌ನಲ್ಲಿ 1967ರಲ್ಲಿ ಶುರುವಾದ ಟಿವಿಬಿ ಅದೇ ಭಾಷೆಯದು. 1980ರ ದಶಕದಲ್ಲಿ ಆ ಸೀಮೆಯ ಜನ ಮಾಳಿಗೆ ಮೇಲೆ ಮೀನಿನ ಮೂಳೆ ಥರದ ಆಂಟೆನಾ ನಿಲ್ಲಿಸಿ, ಗಡಿಯಾಚೆಯ ಹಾಂಗ್‌ಕಾಂಗ್ ಧಾರಾವಾಹಿ ನೋಡ್ತಿದ್ರು. ಅಧಿಕಾರಿಗಳು ಇಳಿಸಿ ಅಂದ್ರು. ಜನ ಇಳಿಸಿದರು, ಮತ್ತೆ ಏರಿಸಿದರು. ನಮ್ಮ ತಮಿಳುನಾಡಿನ ದಕ್ಷಿಣ ಕರಾವಳಿಯಲ್ಲೂ ಎತ್ತರದ ಆಂಟೆನಾ ಹಾಕಿ ಶ್ರೀಲಂಕಾದ ರೂಪವಾಹಿನಿ ನೋಡ್ತಿದ್ದ ಮನೆಗಳಿದ್ದವು.

2010ರ ಜುಲೈನಲ್ಲಿ, ಏಷ್ಯನ್ ಕ್ರೀಡಾಕೂಟಕ್ಕೆ ನಾಲ್ಕು ತಿಂಗಳಿದ್ದಾಗ, ಗ್ವಾಂಗ್‌ಝೌ ಟಿವಿಯ ಮುಖ್ಯ ಕಾರ್ಯಕ್ರಮಗಳು ಮ್ಯಾಂಡರಿನ್‌ನಲ್ಲಿ ಬರಲಿ ಅಂತ ನಗರದ ರಾಜಕೀಯ ಸಲಹಾ ಮಂಡಳಿ ಸೂಚಿಸಿತು. ಕೊಟ್ಟ ಕಾರಣ: ಬೇರೆ ಕಡೆಯಿಂದ ಬಂದವರಿಗೆ ಅರ್ಥ ಆಗಬೇಕು. ಜುಲೈ 25ರಂದು ಜಿಯಾಂಗ್‌ನಾನ್‌ಶಿ ಮೆಟ್ರೋ ನಿಲ್ದಾಣದ ಹತ್ತಿರ ಜನ ಸೇರಿ, ನಮ್ಮ ಭಾಷೆ ಬಿಡಲ್ಲ ಅಂತ ಕೂಗಿದರು. ಚೀನಾದಲ್ಲಿ ಹಾಗೆ ಬೀದಿಗಿಳಿಯೋದು ಸಣ್ಣ ವಿಷಯ ಅಲ್ಲ. ಸೂಚನೆ ಹಾಗೇ ಜಾರಿಗೆ ಬರಲಿಲ್ಲ.

ಇದನ್ನ ಮೊದಲು ಓದಿದಾಗ ನನ್ನ ಮನಸ್ಸು ತಕ್ಷಣ ಗ್ವಾಂಗ್‌ಝೌ ಜನರ ಕಡೆ ನಿಂತಿತು. ಬೆಂಗಳೂರಿನಲ್ಲಿ 'ಇಲ್ಲಿಗೆ ಬಂದವರು ಕನ್ನಡ ಕಲೀರಿ' ಅಂತ ಹೇಳೋ ನಾವು ಇನ್ನೆಲ್ಲಿ ನಿಲ್ತೀವಿ? ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆ. ಓಎಂಆರ್, ಐಟಿ ಕಟ್ಟಡಗಳು, ಶೇರ್ ಆಟೋ, ತಮಿಳು ಬೋರ್ಡು. ಪೆರುಂಗುಡಿಯಲ್ಲಿ ಆ ಬೇರೆ ಕಡೆಯಿಂದ ಬಂದವನು ನಾನೇ ಅಲ್ವಾ?

ಅದಕ್ಕೇ ನಮ್ಮ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. ಚೆನ್ನೈನ ಟಿವಿ ಕನ್ನಡ ಆಗಲಿ ಅಂತ ನಾವು ಕೇಳೋ ಹಾಗಿಲ್ಲ, ಕೇಳಲೂಬಾರದು. ಊರಿನ ಪರದೆ ಊರಿನ ಭಾಷೆಯದು. ನಾವು ಕೇಳಬೇಕಾದ್ದು ನಮ್ಮ ಮನೆಯೊಳಗಿನ ಪರದೆ ಬಗ್ಗೆ. ಅದಕ್ಕೆ ಯಾರ ಹೊತ್ತನ್ನೂ ಕಿತ್ತುಕೊಳ್ಳಬೇಕಾಗಿಲ್ಲ.

ಕೇಬಲ್‌ನವರ ಕಾಲ, ಬಾಕ್ಸಿನ ಕಾಲ

ಉಪಗ್ರಹ ಬಂದ ಮೇಲೆ ತೀರ್ಮಾನ ದೆಹಲಿಯ ಕೈ ಬಿಟ್ಟು ಬೀದಿಯ ಕೇಬಲ್‌ನವರ ಕೈಗೆ ಬಂತು. ಉದಯದ ಸಿಗ್ನಲ್ ಮದ್ರಾಸಿನ ಆಕಾಶದಲ್ಲೂ ಇತ್ತು. ಆದರೆ ಹಳೆ ಟಿವಿಗಳಲ್ಲಿ ಎಂಟೋ ಹನ್ನೆರಡೋ ಗುಂಡಿ. ಯಾವ ಚಾನೆಲ್ ಹಾಕಬೇಕು ಅನ್ನೋದನ್ನ ಬೀದಿಯ ಹೆಚ್ಚು ಮನೆಗಳು ಏನು ಕೇಳುತ್ತವೆ ಅಂತ ನೋಡಿ ಅವರು ಹಾಕ್ತಿದ್ರು. ಬೀದಿಯಲ್ಲಿ ಎರಡೇ ಕನ್ನಡದ ಮನೆ ಇದ್ದರೆ ಮುಗೀತು.

ಆಮೇಲೆ ಬಾಕ್ಸು ಬಂತು, ಅದರಲ್ಲೂ ಚೆನ್ನೈಯೇ ಮೊದಲು. 2003ರ ಸೆಪ್ಟೆಂಬರ್ 1ರಿಂದ ಇಲ್ಲಿ 'ಕ್ಯಾಸ್' ವ್ಯವಸ್ಥೆ. ಉಚಿತ ಚಾನೆಲ್ ಬಾಕ್ಸ್ ಇಲ್ಲದೆ ಸಿಗ್ತಿತ್ತು, ಹಣ ಕೊಡೋ ಚಾನೆಲ್‌ಗೆ ಸೆಟ್‌ಟಾಪ್ ಬಾಕ್ಸ್ ಬೇಕಿತ್ತು. ದೆಹಲಿ, ಮುಂಬೈ, ಕೋಲ್ಕತ್ತ ಮೂರು ವರ್ಷ ಆದಮೇಲೆ ಈ ದಾರಿಗೆ ಬಂದವು. ಚೆನ್ನೈನ ಬಹಳ ಮನೆಗಳು ಬಾಕ್ಸ್ ಕೊಳ್ಳಲೇ ಇಲ್ಲ. 2011ರಲ್ಲಿ ಸರ್ಕಾರದ ಅರಸು ಕೇಬಲ್ ತಿಂಗಳಿಗೆ 70 ರೂಪಾಯಿಗೆ ಟಿವಿ ಕೊಡೋಕೆ ಶುರು ಮಾಡಿತು. ಬಡವರ ಮನೆಗೆ ಒಳ್ಳೇದೇ ಆಯ್ತು.

ದೊಡ್ಡ ಬದಲಾವಣೆ 2019ರ ಫೆಬ್ರವರಿ 1ರಂದು. ಟ್ರಾಯ್ ಹೊಸ ನಿಯಮ ತಂತು. ಪ್ರತಿ ಹಣದ ಚಾನೆಲ್ ತನ್ನ ಬಿಡಿ ಬೆಲೆ ಹೇಳಬೇಕು. ಮೊದಲ 100 ಚಾನೆಲ್‌ಗಳ ಸಂಪರ್ಕಕ್ಕೆ ಆಗ ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಸೇರಿ 153 ಚಿಲ್ಲರೆ ಇತ್ತು. ಯಾವ್ಯಾವ ಚಾನೆಲ್ ಬೇಕು ಅನ್ನೋದನ್ನ ಮನೆಯವರೇ ಆರಿಸಬಹುದು. ಬೀದಿಯಲ್ಲಿ ಎಷ್ಟು ಕನ್ನಡದ ಮನೆ ಇದೆ ಅನ್ನೋ ಲೆಕ್ಕ ಆವತ್ತಿಗೆ ಮುಗೀತು. ಒಂದೇ ಮನೆ ಇದ್ದರೂ ಸಾಕು. ದುಡ್ಡೇ ಕೊಡಲ್ಲ ಅನ್ನೋರಿಗೆ ದೂರದರ್ಶನದ ಫ್ರೀ ಡಿಶ್‌ನಲ್ಲಿ ಚಂದನ ಇದ್ದೇ ಇದೆ, ತಟ್ಟೆ ಮತ್ತು ಬಾಕ್ಸಿನ ಖರ್ಚು ಒಂದೇ ಸಲ.

ಅಂದ್ರೆ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಆ ತೀರ್ಮಾನ ಟವರಿನಿಂದ ದೆಹಲಿಗೆ, ದೆಹಲಿಯಿಂದ ಕೇಬಲ್‌ನವರಿಗೆ, ಕೇಬಲ್‌ನವರಿಂದ ನಮ್ಮ ಕೈಗೆ ಬಂದು ಕೂತಿದೆ. ಒಂದೇ ಪರದೆ ಇದ್ದಾಗ ಹತ್ತು ನಿಮಿಷಕ್ಕೆ ಊರು ಹೊತ್ತಿ ಉರೀತು. ಈಗ ಎಲ್ಲರಿಗೂ ಜಾಗ ಇದೆ. ಜಗಳ ಇಲ್ಲ, ಆದರೆ ಕೇಳೋರೂ ಇಲ್ಲ.

ಕೇಳದೇ ಇದ್ದದ್ದು ನಾನೇ

ಕೇಬಲ್ ಹುಡುಗನ ಮಾತಿಗೆ ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಪೆರುಂಗುಡಿಗೆ ಬಂದು ಆರು ವರ್ಷ. ಬಾಕ್ಸ್ ಹಾಕಿಸಿದ ದಿನ ಅವನು ಯಾವ ಪ್ಯಾಕ್ ಬೇಕು ಸಾರ್ ಅಂದಾಗ, ಯಾವುದೋ ಒಂದು ಹಾಕಪ್ಪ ಅಂದವನು ನಾನು. ಕನ್ನಡ ಬೇಕು ಅಂತ ಒಂದು ಸಲವೂ ಹೇಳಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಹನ್ನೊಂದು ಕನ್ನಡದ ಮನೆ ಇದೆ, ರಾಜ್ಯೋತ್ಸವಕ್ಕೆ ಬಾವುಟ ಹಿಡಿದು ಫೋಟೋ ತೆಗೆಸ್ಕೋತೀವಿ. ಕೇಳಿ ನೋಡಿದೆ. ಒಬ್ಬರೂ ಹೇಳಿರಲಿಲ್ಲ. ಹುಡುಗ ಹೇಳಿದ್ದು ಪೂರ್ತಿ ನಿಜ.

ಎಲ್ಲಾ ಫೋನಿನಲ್ಲೇ ಸಿಗುತ್ತಲ್ಲ ಅಂತೀರಿ. ಸಿಗುತ್ತೆ. ಆದರೆ ಫೋನಿನಲ್ಲಿ ನೋಡೋನು ಒಬ್ಬನೇ, ಅದೂ ಇಯರ್‌ಫೋನ್ ಹಾಕ್ಕೊಂಡು. ಹಾಲ್‌ನಲ್ಲಿ ಟಿವಿ ಓಡ್ತಿದ್ದರೆ ಭಾಷೆ ಮನೆಯಲ್ಲೆಲ್ಲ ಕೇಳಿಸುತ್ತೆ, ಅಡುಗೆಮನೆಗೂ ಹೋಗುತ್ತೆ. ಚಾನೆಲ್ ಹಾಕಿಸಿದ ಮೇಲೆ ಅಮ್ಮ ಧಾರಾವಾಹಿ ನೋಡ್ತಿದ್ರು, ಏಳು ವರ್ಷದ ಮಗಳು ಪಕ್ಕದಲ್ಲಿ ಬಣ್ಣ ಹಚ್ಚುತ್ತಾ ಕೂತಿರ್ತಿದ್ದಳು. ಅವಳು ನೋಡ್ತಾ ಇರಲಿಲ್ಲ. ಒಂದು ದಿನ ನಾನು ಲೇಟಾಗಿ ಬಂದಾಗ ಬಾಗಿಲಲ್ಲೇ ನಿಂತು, 'ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟೊತ್ತು?' ಅಂದಳು. ಬೈಗುಳವೇ. ಆದರೆ ಇಂಗ್ಲಿಷಿನಿಂದ ತರ್ಜುಮೆ ಮಾಡಿದ ಕನ್ನಡ ಅಲ್ಲ, ಅಚ್ಚ ಮನೆಮಾತು. ಧಾರಾವಾಹಿಯ ಅತ್ತೆಯಿಂದ ಕಲಿತದ್ದು. ಅಮ್ಮ ನಕ್ಕಿದ್ದೇ ನಕ್ಕಿದ್ದು.

ಅಮ್ಮ ಊರಿಗೆ ಹೋದ ಮೇಲೆ ಆ ಚಾನೆಲ್‌ಗಳನ್ನು ತೆಗೆಸೋಣ, ಯಾರು ನೋಡ್ತಾರೆ ಅಂದ್ಕೊಂಡೆ. ತೆಗೆಸಲಿಲ್ಲ. ಈ ವಾರ ನೀವೂ ನಿಮ್ಮ ಪ್ಯಾಕ್ ಒಂದು ಸಲ ತೆಗೆದು ನೋಡಿ. ಇಲ್ಲದಿದ್ದರೆ ಕೇಬಲ್‌ನವರಿಗೆ ಒಂದು ಫೋನ್ ಮಾಡಿ, ಕನ್ನಡ ಬೇಕು ಅಂತ ಹೇಳಿ. ಇಲ್ಲಿ ಕೇಳೋರಿದ್ದಾರೆ ಅಂತ ಅವರಿಗೂ ಗೊತ್ತಾಗಲಿ.