ಬಳ್ಳಾರಿ ವಿವಾದದಲ್ಲಿ ಪಡುವಣ ತಾಲ್ಲೂಕುಗಳು

1953ರಲ್ಲಿ ಆಂಧ್ರ ರಾಜ್ಯ ರೂಪುಗೊಳ್ಳುವಾಗ, ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ಏಕಸದಸ್ಯ ವಿಚಾರಣೆಗೆ ಒಪ್ಪಿಸಿದ್ದು ಬಳ್ಳಾರಿ ತಾಲ್ಲೂಕೊಂದನ್ನೇ. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರುವುದು ಆ ವೇಳೆಗೆ ತೀರ್ಮಾನವಾಗಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಮೇಲೆ ಗಂಭೀರ ತಕರಾರೇ ಇರಲಿಲ್ಲ. ಮಿಶ್ರಾ ಅವರ ವರದಿಯನ್ನನುಸರಿಸಿ ಬಳ್ಳಾರಿಯೂ ಇವುಗಳೊಡನೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ವಿಚಾರಣೆಯ ಕೆಲಸ ಅಲ್ಲಿಗೆ ಮುಗಿಯಿತು.

ತಕರಾರಿಲ್ಲದ ನೆಲಕ್ಕೆ ಕಡತದಲ್ಲಿ ಹೆಚ್ಚು ಜಾಗ ಸಿಗುವುದಿಲ್ಲ. ಕೋಗಳಿ ಐನೂರರ ಶಾಸನಗಳು ಈ ಸೀಮೆಯ ಕನ್ನಡಕ್ಕೆ ಶತಮಾನಗಳ ಸಾಕ್ಷಿಯಾಗಿದ್ದರೂ ಅವುಗಳನ್ನು ವಾದಕ್ಕೆ ತರುವ ಅಗತ್ಯವೇ ಬೀಳಲಿಲ್ಲ. ಬಳ್ಳಾರಿಯ ಇತಿಹಾಸ ಬರೆದವರು ಪಡುವಣ ತಾಲ್ಲೂಕುಗಳನ್ನು ‘ಉಳಿದ ಭಾಗ’ ಎಂದು ಒಂದೇ ವಾಕ್ಯದಲ್ಲಿ ದಾಟುವುದು ಇದರಿಂದಲೇ ಇರಬೇಕು.

ಆದರೆ ಅಪಾಯ ಅವುಗಳನ್ನೂ ಮುಟ್ಟಿತ್ತು. ಫಜಲ್ ಅಲಿ, ಕುಂಜ್ರು, ಪಣಿಕ್ಕರರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿ, ಮುಗಿದಿದ್ದ ಪ್ರಶ್ನೆಯನ್ನು ಮತ್ತೆ ತೆರೆಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳೂ ಮಲ್ಲಾಪುರ ಉಪತಾಲ್ಲೂಕಿನ ಸ್ವಲ್ಪ ಭಾಗವೂ ಆಂಧ್ರಕ್ಕೆ ಹೋಗಲಿ ಎಂಬುದು ಅದರ ಸಲಹೆ. ಮಲ್ಲಾಪುರವೆಂದರೆ ಇಂದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಪೂರ್ವರೂಪ. ಇಲ್ಲಿ ಭಾಷೆಗಿಂತ ತೂಗಿದ್ದು ತುಂಗಭದ್ರಾ ಯೋಜನೆ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಕರ್ನಾಟಕದಲ್ಲೇ ಉಳಿಯುತ್ತಿದ್ದವು, ನಿಜ, ಆದರೆ ಜಿಲ್ಲಾಕೇಂದ್ರವಿಲ್ಲದೆ. ಅಂದು ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದ ಕೊಟ್ಟೂರಿನ ರೈಲು ಹಗರಿಬೊಮ್ಮನಹಳ್ಳಿಯ ಮೇಲೆ ಹಾದು ಹೊಸಪೇಟೆಗೆ ಮುಟ್ಟುತ್ತಿತ್ತು. ಹರಿಹರದ ಕಡೆಗೆ ಹಳಿ ಇನ್ನೂ ಇರಲಿಲ್ಲ. ಸಲಹೆ ಜಾರಿಯಾಗಿದ್ದರೆ ಕೊಟ್ಟೂರಿನ ಮೂಟೆಗಳು ಪರರಾಜ್ಯದಲ್ಲಿ ಇಳಿಯಬೇಕಾಗುತ್ತಿತ್ತು. ನಕ್ಷೆಯಲ್ಲಿ ‘ಉಳಿದದ್ದು’ ಬದುಕಿನಲ್ಲಿ ಉಳಿದಂತಲ್ಲ ಎಂಬ ಲೆಕ್ಕವನ್ನು ಆಯೋಗ ಹಾಕಿದಂತಿಲ್ಲ. ಕೇಂದ್ರ ಸರ್ಕಾರ ಆ ಸಲಹೆಯನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಜಿಲ್ಲೆ ಒಡೆಯದೆ ಹೊಸ ಮೈಸೂರು ರಾಜ್ಯದಲ್ಲಿ ನಿಂತಿತು.

ಅನಂತರದ ಗೆರೆಗಳನ್ನು ಎಳೆದದ್ದು ನಾಡಿನೊಳಗಿನವರೇ. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಆ ಕಾರಣಕ್ಕೇ 371(ಜೆ) ವಿಧಿಯ ಸೌಲಭ್ಯಗಳು ಬಳ್ಳಾರಿಗೆ ಬಂದಾಗ ಅದೊಂದು ತಾಲ್ಲೂಕು ಹೊರಗುಳಿಯಿತು. ದೀರ್ಘ ಹೋರಾಟದ ಬಳಿಕ ಅದು ಬಳ್ಳಾರಿಗೆ ಮರಳಿತು. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಇವೆ. ಅವುಗಳ ಜಿಲ್ಲಾಕೇಂದ್ರ, 1955ರ ಆಯೋಗ ಆಂಧ್ರಕ್ಕೆ ಕೊಡಹೊರಟಿದ್ದ ಹೊಸಪೇಟೆ.