ಕೇಳುವ ಸಮಿತಿಗಳು

ಕನ್ನಡದಲ್ಲಿ ‘ಕೇಳು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಇವೆರಡು ಬೇರ್ಪಟ್ಟರೆ ಒದಗುವ ಅನಾಹುತವೇನೆಂಬುದನ್ನು ಇಂಗ್ಲೆಂಡಿನ ಸ್ಥಳೀಯ ಆಡಳಿತದ ಇತ್ತೀಚಿನ ಚರಿತ್ರೆ ನಮಗೆ ತಿಳಿಸಿಕೊಡುತ್ತದೆ.

ಬಹುಕಾಲ ಅಲ್ಲಿನ ಕೌನ್ಸಿಲುಗಳ ತೀರ್ಮಾನಗಳು ಎಲ್ಲ ಪಕ್ಷಗಳ ಸದಸ್ಯರಿದ್ದ ಸಮಿತಿಗಳಲ್ಲಿ ಆಗುತ್ತಿದ್ದವು. ಹಲವರು ಸೇರಿ ಮಾಡಿದ ತೀರ್ಮಾನಕ್ಕೆ ಹೊಣೆ ಯಾರೆಂಬುದು ಜನರಿಗೆ ಸ್ಪಷ್ಟವಾಗುತ್ತಿರಲಿಲ್ಲ. 2000ನೇ ಇಸವಿಯ ಸ್ಥಳೀಯ ಸರ್ಕಾರ ಕಾಯ್ದೆಯು ಈ ಪದ್ಧತಿಯನ್ನು ಬಹುಮಟ್ಟಿಗೆ ಬದಲಿಸಿತು. ಹೆಚ್ಚಿನ ಕೌನ್ಸಿಲುಗಳಲ್ಲಿ ತೀರ್ಮಾನದ ಅಧಿಕಾರವು ನಾಯಕನನ್ನೂ ಒಳಗೊಂಡು 10 ಮಂದಿಗೆ ಮೀರದ ಸಂಪುಟಕ್ಕೆ ಹೋಯಿತು. ಸಂಪುಟದ ಹೊರಗಿನ ಸದಸ್ಯರಿಗಾಗಿ ಪರಿಶೀಲನಾ ಸಮಿತಿಗಳು ಹುಟ್ಟಿಕೊಂಡವು. ಇವು ಸಂಪುಟದವರನ್ನೂ ಅಧಿಕಾರಿಗಳನ್ನೂ ಕರೆಸಿ ಉತ್ತರ ಪಡೆಯಬಹುದಿತ್ತು. ಕೈಗೊಂಡ ತೀರ್ಮಾನ ಜಾರಿಯಾಗುವ ಮುನ್ನ ಅದನ್ನು ತಡೆದು, ಮರಳಿ ಯೋಚಿಸಿರೆಂದು ಹೇಳಬಹುದಿತ್ತು. ಆದರೆ ತೀರ್ಮಾನವನ್ನು ರದ್ದುಪಡಿಸುವ ಅಧಿಕಾರ ಅವುಗಳಿಗಿರಲಿಲ್ಲ. 2001ರ ಇನ್ನೊಂದು ಕಾಯ್ದೆ ಸಾರ್ವಜನಿಕ ಆರೋಗ್ಯ ಸೇವೆಯನ್ನೂ ಈ ಪರಿಶೀಲನೆಯ ವ್ಯಾಪ್ತಿಗೆ ತಂದಿತು.

ಈ ವ್ಯವಸ್ಥೆಯ ಅಗ್ನಿಪರೀಕ್ಷೆ ನಡೆದುದು ಸ್ಟಾಫರ್ಡ್ ಪಟ್ಟಣದಲ್ಲಿ. ಖರ್ಚು ತಗ್ಗಿಸಲು ಅಲ್ಲಿನ ಆಸ್ಪತ್ರೆಯ ಆಡಳಿತ ಸಿಬ್ಬಂದಿಯನ್ನು ಕಡಿತಗೊಳಿಸಿತ್ತು. ವೃದ್ಧ ರೋಗಿಗಳು ಮಲಿನವಾದ ಹಾಸಿಗೆಯಲ್ಲೇ ಗಂಟೆಗಟ್ಟಲೆ ಮಲಗಿರಬೇಕಾಯಿತು. ಅನ್ನ, ನೀರು ಅವರ ಕೈಗೆಟುಕದಷ್ಟು ದೂರದಲ್ಲಿರುತ್ತಿದ್ದವು. ಆ ಆಸ್ಪತ್ರೆಯನ್ನು ಪ್ರಶ್ನಿಸುವ ಅಧಿಕಾರ ಪಡೆದ ಸಮಿತಿಗಳು ಕೌಂಟಿಯಲ್ಲಿಯೂ ಪಟ್ಟಣದ ಕೌನ್ಸಿಲಿನಲ್ಲಿಯೂ ಇದ್ದವು. ಆದರೆ ಈ ಸಂಕಟ ಅವುಗಳ ಕಿವಿಗೆ ಮುಟ್ಟಲಿಲ್ಲ. 2007ರ ಅಂತ್ಯದಲ್ಲಿ ದನಿಯೆತ್ತಿದವರು ತಮ್ಮವರನ್ನು ಕಳೆದುಕೊಂಡ ಸಾಮಾನ್ಯ ಕುಟುಂಬದವರು. ಅಷ್ಟಾದರೂ 2008ರಲ್ಲಿ ಆ ಸಂಸ್ಥೆಗೆ ಹೆಚ್ಚಿನ ಸ್ವಾಯತ್ತತೆಯ ಗೌರವ ದೊರೆಯಿತು! ಆರೋಗ್ಯ ಸೇವೆಯ ತನಿಖಾ ಆಯೋಗದ ಕಟುವಾದ ವರದಿ ಹೊರಬಂದುದು 2009ರ ಮಾರ್ಚ್‌ನಲ್ಲಿ.

ಬಳಿಕ ನ್ಯಾಯವಾದಿ ರಾಬರ್ಟ್ ಫ್ರಾನ್ಸಿಸ್ ಅವರ ಅಧ್ಯಕ್ಷತೆಯಲ್ಲಿ ನಡೆದ ಸಾರ್ವಜನಿಕ ವಿಚಾರಣೆಯ ವರದಿಯು 2013ರ ಫೆಬ್ರವರಿಯಲ್ಲಿ 290 ಶಿಫಾರಸುಗಳೊಡನೆ ಪ್ರಕಟವಾಯಿತು. ಅದು ಸಮಿತಿಯ ಸದಸ್ಯರನ್ನು ದುಷ್ಟರೆಂದು ಜರೆಯಲಿಲ್ಲ. ಸದಸ್ಯರು ಎಷ್ಟೇ ಸಮರ್ಥರೂ ಪ್ರಾಮಾಣಿಕರೂ ಆಗಿದ್ದರೂ ಇಂಥ ಪರಿಶೀಲನೆ ತಪ್ಪನ್ನು ಕಂಡುಹಿಡಿದೀತೆಂದು ನಂಬಿ ಕೂರಲಾಗದು ಎಂಬ ಕಹಿಸತ್ಯವನ್ನೇ ಮುಂದಿಟ್ಟಿತು. ಸಮಿತಿಗಳಿಗೆ ತಕ್ಕ ಮಾರ್ಗದರ್ಶನವೂ ನೆರವೂ ದೊರೆಯಬೇಕು, ತಾವೇ ಹೋಗಿ ತಪಾಸಣೆ ನಡೆಸುವ ಅಧಿಕಾರವೂ ಇರಬೇಕು ಎಂದು ಶಿಫಾರಸು ಮಾಡಿತು.

ಪ್ರಿಯ ಓದುಗರೇ, ಕಾಯ್ದೆಯು ಪ್ರಶ್ನಿಸುವ ಹಕ್ಕನ್ನು ಕೊಡಬಲ್ಲದು. ಆದರೆ ಏನನ್ನು ಪ್ರಶ್ನಿಸಬೇಕೆಂಬುದನ್ನು ಕಲಿಸುವವರು ನೊಂದವರೇ. ಅಧಿಕಾರಿಯ ಅಂಕಿ-ಅಂಶಗಳನ್ನು ಓದಿ ತಲೆದೂಗುವ ಸಮಿತಿ ನಿಯಮಾನುಸಾರ ಸಭೆ ಸೇರಿ, ನಡಾವಳಿ ಬರೆದು, ಮನೆಗೆ ಮರಳಬಹುದು. ಅಷ್ಟರಲ್ಲಿ ವಾರ್ಡಿನ ಮೂಲೆಯಲ್ಲೊಬ್ಬ ವೃದ್ಧೆ ಗುಟುಕು ನೀರಿಗಾಗಿ ಕೂಗುತ್ತಿರಬಹುದು. ಶಾಲೆಯದಾಗಲಿ, ಸಂಘದ್ದಾಗಲಿ, ಊರಿನದಾಗಲಿ, ಯಾವುದಾದರೊಂದು ಸಮಿತಿಯಲ್ಲಿ ಕುಳಿತುಕೊಳ್ಳುವ ನಮ್ಮಲ್ಲಿ ಪ್ರತಿಯೊಬ್ಬರೂ ಮುಂದಿನ ಸಭೆಗೆ ಹೊರಡುವ ಮುನ್ನ ಇಷ್ಟನ್ನು ಕೇಳಿಕೊಳ್ಳೋಣ: ಈ ತೀರ್ಮಾನದ ಭಾರ ಹೊರುವವರಲ್ಲಿ ಒಬ್ಬರ ಮಾತನ್ನಾದರೂ ನಾನು ಕೇಳಿದ್ದೇನೆಯೇ?